ಹಳೇ ಲಾರಿಯ ಗೇರ್ ಕರ್ರ್ ಅನ್ನುತ್ತಿದೆಯಾ? ಗೇರ್ ಬಾಕ್ಸ್ ಇಳಿಸುವ ಮೊದಲು ಇಷ್ಟು ನೋಡಿ

ಗೇರ್ ಹಾಕುವಾಗ ಕರ್ರ್ ಅಂತ ಸದ್ದು ಬಂದ ಕೂಡಲೇ ಗೇರ್ ಬಾಕ್ಸ್ ಇಳಿಸಲು ಹೊರಡುವವರೇ ಜಾಸ್ತಿ. ಹಳೇ ಲಾರಿಯಲ್ಲಿ ಅದು ದೊಡ್ಡ ಕೆಲಸ. ಪೆಟ್ಟಿಗೆಯೇ ನೂರು ಕಿಲೋ ದಾಟುತ್ತದೆ. ಬೇಕಾದ ಸಾಮಾನು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇಷ್ಟೆಲ್ಲ ಮಾಡಿ ಮತ್ತೆ ಏರಿಸಿದ ಮೇಲೂ ಅದೇ ಸದ್ದು ಬಂದರೆ ಯಾರಿಗೆ ತಾನೆ ಬೇಸರವಾಗಲ್ಲ? ಬಹಳ ಸಲ ತೊಂದರೆ ಗೇರ್ ಬಾಕ್ಸ್‌ನ ಒಳಗೆ ಇರುವುದೇ ಇಲ್ಲ. ಕ್ಲಚ್ ಪೂರ್ತಿ ಬಿಡುತ್ತಿರುವುದಿಲ್ಲ, ಅಂದರೆ ಪೆಡಲ್ ಒತ್ತಿದರೂ ಎಂಜಿನ್ನಿನಿಂದ ಗೇರ್ ಬಾಕ್ಸ್ ಪೂರ್ತಿ ಬೇರೆಯಾಗುತ್ತಿರುವುದಿಲ್ಲ, ಅಷ್ಟೇ. ಅದಕ್ಕೇ ಹೊರಗಿನಿಂದ ಒಳಕ್ಕೆ, ಖರ್ಚಿಲ್ಲದ್ದರಿಂದ ಖರ್ಚಿನದಕ್ಕೆ ಹೋಗಿ. ಈ ಲೇಖನವೂ ಅದೇ ದಾರಿಯಲ್ಲಿ ಹೋಗುತ್ತದೆ.

ಚಿತ್ರದುರ್ಗ, ದಾವಣಗೆರೆ ಕಡೆಯವರಿಗೆ ಲಾರಿ ಹೊಸದಲ್ಲ. ಹಿಂದೆ ಎನ್‌ಎಚ್ 4 ಮತ್ತು ಎನ್‌ಎಚ್ 13 ಎಂದು ಕರೆಯುತ್ತಿದ್ದ ಎರಡು ಹೆದ್ದಾರಿಗಳು ಚಿತ್ರದುರ್ಗದಲ್ಲೇ ಸೇರುತ್ತಿದ್ದವು. ದಾವಣಗೆರೆಯ ಪಿ.ಬಿ. ರಸ್ತೆ, ಎಪಿಎಂಸಿಯ ಮೆಕ್ಕೆಜೋಳ, ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲುಗಳು, ಎಲ್ಲ ಕಡೆಯೂ ಲಾರಿಯದೇ ಓಡಾಟ. ಟಾಟಾ ಕಂಪನಿ ಡೈಮ್ಲರ್-ಬೆಂಜ್ ಜೊತೆ ಸೇರಿ 1954ರಲ್ಲಿ ಲಾರಿ ಮಾಡಲು ಶುರು ಮಾಡಿತು. 1969ರವರೆಗೆ ಆ ಲಾರಿಗಳ ಮುಂದೆ ಬೆಂಜ್ ನಕ್ಷತ್ರ ಇತ್ತು. ಹಳಬರು ಈಗಲೂ ಅವನ್ನು 'ಬೆಂಜ್ ಲಾರಿ' ಅನ್ನುತ್ತಾರೆ. ಅಂಥ ಒಂದು ಗಾಡಿಯೋ, ಲೇಲ್ಯಾಂಡ್ ಕಾಮೆಟ್ಟೋ ನಿಮ್ಮ ಶೆಡ್ಡಿನಲ್ಲಿ ಇದ್ದರೆ ಅದನ್ನು ಗುಜರಿಗೆ ಬಿಡಬೇಡಿ. ಆ ಕಾಲದ ಗೇರ್ ಬಾಕ್ಸ್ ಗಟ್ಟಿ. ಅದನ್ನು ಅರಿತು ನಡೆಸಿದರೆ ಇನ್ನೂ ಬಹಳ ವರ್ಷ ಬರುತ್ತದೆ.

ಮೊದಲು ನಿಮ್ಮ ಗೇರ್ ಬಾಕ್ಸ್ ಯಾವ ಜಾತಿಯದು ತಿಳಿದುಕೊಳ್ಳಿ

ಈಗಿನ ಗಾಡಿಗಳಲ್ಲಿ ಸಿಂಕ್ರೋ ರಿಂಗ್ ಇರುತ್ತದೆ. ಹಲ್ಲು ಹಲ್ಲಿಗೆ ಸೇರುವ ಮೊದಲು ಈ ಹಿತ್ತಾಳೆ ರಿಂಗ್ ಗೇರಿನ ಕೋನ್ ಮೇಲೆ ಒತ್ತಿ ಉಜ್ಜಿ, ಎರಡೂ ಕಡೆಯ ವೇಗವನ್ನು ಸಮ ಮಾಡುತ್ತದೆ. ವೇಗ ಸಮವಾದ ಮೇಲೆ ಹಲ್ಲು ಸದ್ದಿಲ್ಲದೆ ಕೂರುತ್ತದೆ.

ಹಳೇ ಲಾರಿಗಳಲ್ಲಿ ಬಹಳಷ್ಟಕ್ಕೆ ಈ ರಿಂಗ್ ಇಲ್ಲ. ಇದ್ದರೂ ಮೇಲಿನ ಗೇರುಗಳಿಗೆ ಮಾತ್ರ ಇರಬಹುದು, ಫಸ್ಟ್ ಮತ್ತು ರಿವರ್ಸ್‌ಗೆ ಇರುವುದಿಲ್ಲ. ರಿಂಗ್ ಇಲ್ಲದ ಗೇರಿನಲ್ಲಿ ವೇಗ ಸಮ ಮಾಡುವ ಕೆಲಸ ಡ್ರೈವರ್‌ನ ಕಾಲು ಮತ್ತು ಕೈಯದು. ಕಾರು ಓಡಿಸಿ ರೂಢಿ ಇರುವವರು ಇಂಥ ಲಾರಿ ಹತ್ತಿದರೆ ಪ್ರತಿ ಗೇರಿಗೂ ಕರ್ರ್ ಅನ್ನಿಸುತ್ತಾರೆ. ಆಗ ಗಾಡಿಯಲ್ಲಿ ಏನೂ ಕೆಟ್ಟಿರುವುದಿಲ್ಲ. ಗಾಡಿಯ ಕೈಪಿಡಿ ಇದ್ದರೆ ನೋಡಿ. ಇಲ್ಲದಿದ್ದರೆ ಆ ಮಾಡೆಲ್ ಓಡಿಸಿದ ಹಿರಿಯ ಡ್ರೈವರ್ ಒಬ್ಬರನ್ನು ಕರೆದು, 'ಯಜಮಾನ್ರೇ, ಇದಕ್ಕೆ ಡಬಲ್ ಕ್ಲಚ್ ಬೇಕಾ?' ಅಂತ ಕೇಳಿ. ಆಮೇಲೆ ಅವರನ್ನೇ ಸೀಟಿನಲ್ಲಿ ಕೂರಿಸಿ ಒಂದು ಸುತ್ತು ಓಡಿಸಲು ಹೇಳಿ. ಅವರ ಕೈಯಲ್ಲಿ ಸದ್ದು ಬರದೆ ನಿಮ್ಮ ಕೈಯಲ್ಲಿ ಮಾತ್ರ ಬಂದರೆ ಸ್ಪ್ಯಾನರ್ ಕೆಳಗಿಡಿ. ಈ ಲೇಖನದ ಕೊನೆಯಲ್ಲಿರುವ ಡಬಲ್ ಕ್ಲಚ್ ಭಾಗ ಓದಿದರೆ ಸಾಕು.

ಸದ್ದು ಯಾವಾಗ ಬರುತ್ತದೆ?

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಅರ್ಧ ಗಂಟೆ ಇದಕ್ಕೆ ಕೊಡಿ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ, ಒಂದೊಂದೇ ಗೇರ್ ಹಾಕಿ ನೋಡಿ. ಒಮ್ಮೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ನಿಂತು ಬೀಳದೆ ಹೋಗಬಹುದು. ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಒತ್ತಿ ಮತ್ತೆ ಹಾಕಿದರೆ ಬೀಳಬೇಕು. ಎಂಜಿನ್ ಆಫ್ ಇದ್ದಾಗಲೂ ಗೇರ್ ರಾಡ್ ಬಿಗಿಯಾಗಿದ್ದರೆ, ಅಥವಾ ಯಾವ ಗೇರಿಗೆ ಹೋಗುತ್ತಿದೆ ಅಂತಲೇ ತಿಳಿಯದಷ್ಟು ಸಡಿಲ ಆಡುತ್ತಿದ್ದರೆ, ತೊಂದರೆ ರಾಡು, ಬುಷ್ ಅಥವಾ ಟಾಪ್ ಕವರ್‌ನಲ್ಲಿದೆ.

ಈಗ ಎಂಜಿನ್ ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲಿ ಬಿಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಗಾಡಿಯ ಹಿಂದೆ ಮುಂದೆ ಯಾರೂ ನಿಂತಿರಬಾರದು. ಕ್ಲಚ್ ಪೂರ್ತಿ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ, ನಿಧಾನಕ್ಕೆ ರಿವರ್ಸ್ ಹಾಕಿ. ಕ್ಲಚ್ ಸರಿಯಾಗಿ ಬಿಟ್ಟಿದ್ದರೆ ಗೇರ್ ಬಾಕ್ಸ್ ಒಳಗಿನ ಶಾಫ್ಟ್ ಆಯಿಲ್ ತಡೆಗೇ ತಿರುಗುವುದು ನಿಲ್ಲುತ್ತದೆ. ಗೇರ್ ಸದ್ದಿಲ್ಲದೆ ಬೀಳುತ್ತದೆ. ಹತ್ತು ಎಣಿಸಿದ ಮೇಲೂ ಕರ್ರ್ ಅಂದರೆ ಶಾಫ್ಟ್ ಇನ್ನೂ ತಿರುಗುತ್ತಲೇ ಇದೆ. ಗ್ಯಾರೇಜಿನ ಮಾತಲ್ಲಿ ಹೇಳುವುದಾದರೆ ಕ್ಲಚ್ ಕಟ್ ಆಗುತ್ತಿಲ್ಲ. ಕ್ಲಚ್ ಒತ್ತಿದ ತಕ್ಷಣ ಹಾಕಿದರೆ ಮಾತ್ರ ಸದ್ದು ಬಂದು, ತಡೆದು ಹಾಕಿದರೆ ಬರದಿದ್ದರೆ ಅದು ಹಳೇ ಗೇರ್ ಬಾಕ್ಸ್‌ನ ಸಹಜ ಗುಣ.

ಎರಡು ಮೂರು ಸಲ ಪೆಡಲ್ ಪಂಪ್ ಮಾಡಿದ ಮೇಲೆ ಗೇರ್ ಸಲೀಸಾಗಿ ಬೀಳುತ್ತದೆಯಾ, ಅದನ್ನೂ ನೋಡಿ. ಬಿದ್ದರೆ ಆಯಿಲ್ ಕ್ಲಚ್ಚಿನ (ಆಯಿಲ್ ಒತ್ತಡದಿಂದ ಕೆಲಸ ಮಾಡುವ ಕ್ಲಚ್ಚಿನ) ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸೋತಿದೆ.

ಇನ್ನು ಓಡುವಾಗ. ಒಂದೇ ಒಂದು ಗೇರಿಗೆ ಮಾತ್ರ ಸದ್ದು ಬಂದು ಉಳಿದವು ಚೆನ್ನಾಗಿ ಬಿದ್ದರೆ ಆ ಗೇರಿನ ಸಿಂಕ್ರೋ ರಿಂಗ್ ಅಥವಾ ಹಲ್ಲಿನ ಕಡೆ ಅನುಮಾನ ಪಡಿ. ಗೇರ್ ಬಿದ್ದು ಮತ್ತೆ ತಾನಾಗಿ ಹೊರಕ್ಕೆ ಜಂಪ್ ಆಗುತ್ತಿದ್ದರೆ ಹಲ್ಲಿನ ಅಂಚು ಸವೆದಿರಬಹುದು, ಗೇರನ್ನು ಸರಿಸುವ ಫೋರ್ಕ್ ಸವೆದಿರಬಹುದು, ಮೌಂಟಿಂಗ್ ರಬ್ಬರ್ ಹರಿದಿರಲೂಬಹುದು. ನ್ಯೂಟ್ರಲ್‌ನಲ್ಲಿ ನಿಂತಾಗ ಗರಗರ ಅನ್ನುತ್ತಾ ಕ್ಲಚ್ ಒತ್ತಿದ ಕೂಡಲೇ ನಿಂತರೆ ಗೇರ್ ಬಾಕ್ಸ್ ಒಳಗಿನ ಬೇರಿಂಗ್ ಕೂಗುತ್ತಿದೆ. ಅದಕ್ಕೆ ತದ್ವಿರುದ್ಧವಾಗಿ ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳುವ ರಿಲೀಸ್ ಬೇರಿಂಗ್ ನೋಡಿ. ಟಾಪ್ ಗೇರಿನಲ್ಲಿ ಸುಮ್ಮನಿದ್ದು ಉಳಿದ ಎಲ್ಲ ಗೇರಿನಲ್ಲೂ ಕೂಗಿದರೆ ಪೆಟ್ಟಿಗೆಯೊಳಗೆ ಕೆಳಗಿರುವ ಎರಡನೇ ಶಾಫ್ಟಿನ, ಅಂದರೆ ಲೇ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ. ಟಾಪ್ ಗೇರ್ ನೇರ ಜೋಡಣೆಯಾಗಿದ್ದರೆ ಆಗ ಲೇ ಶಾಫ್ಟ್ ಮೇಲೆ ಭಾರ ಬೀಳುವುದಿಲ್ಲ.

ಕಂಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ಗ್ಯಾರೇಜಿಗೆ ಕೊಡುವುದಾದರೂ ಆ ಚೀಟಿ ಮೇಸ್ತ್ರಿಗೆ ಕೊಡಿ. 'ಗೇರ್ ಸೌಂಡ್ ಬರ್ತಿದೆ' ಅಂತ ಮಾತ್ರ ಹೇಳಿದರೆ ಅವರು ತಾನೇ ಎಲ್ಲಿಂದ ಶುರು ಮಾಡಬೇಕು?

ಗೇರ್ ಆಯಿಲ್

ಇಲ್ಲಿಂದ ಕೈಗೆ ಕೊಳೆ. ಗಾಡಿ ಸ್ವಲ್ಪ ದೂರ ಓಡಿಸಿ ಬನ್ನಿ, ಆಯಿಲ್ ಬಿಸಿಯಾಗಲಿ. ಬಿಸಿ ಆಯಿಲ್ ತಳದ ಕೆಸರನ್ನೂ ಹೊತ್ತುಕೊಂಡು ಇಳಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಡಿ.

ಮೊದಲು ಬಿಚ್ಚಬೇಕಾದ್ದು ಪಕ್ಕದಲ್ಲಿರುವ ಫಿಲ್ಲರ್ ಪ್ಲಗ್. ಕೆಳಗಿನ ಡ್ರೈನ್ ಪ್ಲಗ್ ಆಮೇಲೆ. ಹಳೇ ಪ್ಲಗ್‌ಗಳು ತುಕ್ಕು ಹಿಡಿದು ಅಂಟಿರುತ್ತವೆ. ಆಯಿಲ್ ಎಲ್ಲ ಇಳಿಸಿದ ಮೇಲೆ ಫಿಲ್ಲರ್ ಬಿಚ್ಚಲಾಗದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಫಿಲ್ಲರ್ ತೂತಿಗೆ ಬೆರಳು ಹಾಕಿ. ಆಯಿಲ್ ತೂತಿನ ಕೆಳ ಅಂಚಿನವರೆಗೆ ಇರಬೇಕು.

ಇಳಿದ ಆಯಿಲ್ ಅನ್ನು ಬಿಸಿಲಿಗೆ ಹಿಡಿದು ನೋಡಿ. ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಹೆದರಬೇಡಿ, ಅದು ಇದ್ದೇ ಇರುತ್ತದೆ. ಹಳದಿ ಮಿಂಚು ಕಂಡರೆ ಹಿತ್ತಾಳೆ ರಿಂಗ್ ಅಥವಾ ಬುಷ್ ಸವೆಯುತ್ತಿದೆ. ಕಬ್ಬಿಣದ ಚೂರು, ಹಲ್ಲಿನ ತುಂಡು ಸಿಕ್ಕರೆ ಗಾಡಿ ಅಲ್ಲಿಂದ ಕದಲಿಸಬೇಡಿ. ಆಗ ಗೇರ್ ಬಾಕ್ಸ್ ತೆರೆಯಲೇಬೇಕು.

ಹೊಸ ಆಯಿಲ್ ವಿಷಯದಲ್ಲಿ ಡಬ್ಬದ ಮೇಲಿನ ಅಕ್ಷರ ಓದಿ. ಹಳೇ ಗೇರ್ ಬಾಕ್ಸ್‌ಗೆ ಸಾಮಾನ್ಯವಾಗಿ ಹೊಂದುವುದು ಜಿಎಲ್-4 ದರ್ಜೆಯ 80ಡಬ್ಲ್ಯು-90 ಅಥವಾ 90 ನಂಬರ್ ಆಯಿಲ್. ನಿಮ್ಮ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಜಿಎಲ್-5 ಅನ್ನುವುದು ಹಿಂದಿನ ಆಕ್ಸಲ್ಲಿನ ಹೌಸಿಂಗ್‌ಗೆ ಬೇಕಾದ ಆಯಿಲ್. 4ಕ್ಕಿಂತ 5 ಮೇಲು ಅಂದುಕೊಂಡು ಗೇರ್ ಬಾಕ್ಸ್‌ಗೂ ಅದನ್ನೇ ಸುರಿಯುವವರಿದ್ದಾರೆ. ಅದರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಬಿಸಿಯಲ್ಲಿ ಅದು ಹಿತ್ತಾಳೆಯನ್ನು ತಿನ್ನಬಹುದು. ಸಾಲದ್ದಕ್ಕೆ ತುಂಬಾ ಜಾರುತ್ತದೆ. ಸಿಂಕ್ರೋ ರಿಂಗ್ ಹಿಡಿಯಬೇಕಾದರೆ ಸ್ವಲ್ಪ ಉಜ್ಜಬೇಕಲ್ವಾ? ಜಾರಿದರೆ ವೇಗ ಸಮವಾಗದು, ಹಲ್ಲು ಕರ್ರ್ ಅನ್ನುತ್ತದೆ. ಸದ್ದು ಅಡಗಿಸಲು 140 ನಂಬರಿನ ಗಟ್ಟಿ ಆಯಿಲ್ ಹಾಕುವುದೂ ಬೇಡ. ಸದ್ದು ಕಡಿಮೆಯಾಗುತ್ತದೆ, ಸವೆತ ನಿಲ್ಲುವುದಿಲ್ಲ. ಚಳಿಗಾಲದ ಬೆಳಗ್ಗೆ ಗೇರೇ ಬೀಳದಂತೆ ಆಗುತ್ತದೆ.

ಜಾಸ್ತಿ ತುಂಬಿದರೂ ತೊಂದರೆಯೇ. ನೊರೆ ಎದ್ದು, ಮುಂದಿನ ಸೀಲ್ ದಾಟಿ ಕ್ಲಚ್ ಪ್ಲೇಟಿಗೆ ಬೀಳುತ್ತದೆ. ಪೆಟ್ಟಿಗೆಗೆ ಗಾಳಿಯಾಡಲು ಮೇಲಿರುವ ಬ್ರೀದರ್ ತೂತು ನಮ್ಮ ಕಡೆಯ ಕೆಂಧೂಳಿಗೆ, ಗಣಿ ರಸ್ತೆಯ ಧೂಳಿಗೆ ಮುಚ್ಚಿಹೋಗಿರುತ್ತದೆ. ಅದನ್ನು ತಂತಿ ಹಾಕಿ ಬಿಡಿಸಿ.

ಕ್ಲಚ್: ಬಹುಪಾಲು ಉತ್ತರ ಇಲ್ಲೇ

ಪೆಡಲನ್ನು ಕೈಯಿಂದ ಒತ್ತಿ ನೋಡಿ. ಸುಮ್ನೆ ಹೋಗುವಷ್ಟು ದೂರ, ಅಂದರೆ ಭಾರ ಸಿಗುವ ಮೊದಲಿನ ಆಟ, ಹಳೇ ಲಾರಿಗಳಲ್ಲಿ ಒಂದು ಇಂಚಿನ ಆಸುಪಾಸು ಇರುತ್ತದೆ. ನಿಖರ ಅಳತೆಗೆ ಕೈಪಿಡಿ ನೋಡಿ. ಆಟ ಜಾಸ್ತಿಯಾದರೆ ಪೆಡಲ್ ತಳಕ್ಕೆ ಹೋದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಉಜ್ಜುತ್ತದೆ. ಆಟವೇ ಇಲ್ಲದಿದ್ದರೆ ಪ್ಲೇಟ್ ಜಾರಿ ಸುಟ್ಟುಹೋಗುತ್ತದೆ. ಕೆಳಗಿನ ರಾಡಿನ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟ್ ಮಾಡಿ, ಮತ್ತೆ ಬಿಗಿ ಮಾಡಿ. ಎಷ್ಟೋ ಗಾಡಿಗಳ ಕಾಯಿಲೆ ಈ ನಟ್‌ನಲ್ಲೇ ಮುಗಿಯುತ್ತದೆ. ಡ್ರೈವರ್ ಕಾಲ ಕೆಳಗಿನ ದಪ್ಪ ಮ್ಯಾಟ್ ಪೆಡಲನ್ನು ತಡೆಯುತ್ತಿದೆಯಾ ಅಂತಲೂ ನೋಡಿ.

ಆಮೇಲೆ ಒಬ್ಬರನ್ನು ಮೇಲೆ ಕೂರಿಸಿ ಪೆಡಲ್ ಒತ್ತಿಸಿ, ನೀವು ಕೆಳಗಿನಿಂದ ನೋಡಿ. ಎಂಜಿನ್ ಆಫ್ ಇರಬೇಕು, ಚಕ್ರಕ್ಕೆ ಅಡೆ ಇರಬೇಕು. ಪಿನ್ನಿನ ತೂತುಗಳು ಮೊಟ್ಟೆ ಆಕಾರಕ್ಕೆ ಸವೆದಿದ್ದರೆ, ಪೆಡಲ್ ಶಾಫ್ಟಿನ ಬುಷ್ ಆಡುತ್ತಿದ್ದರೆ, ಕಾಲು ಒತ್ತಿದ್ದರಲ್ಲಿ ಅರ್ಧ ಅಲ್ಲೇ ಕಳೆದುಹೋಗುತ್ತದೆ. ಹೊಸ ಪಿನ್ನು ಮತ್ತು ಬುಷ್ ಲೇಥ್ ಅಂಗಡಿಯಲ್ಲಿ ಮಾಡಿಸಬಹುದು. ದೊಡ್ಡ ಖರ್ಚಲ್ಲ.

ಆಯಿಲ್ ಕ್ಲಚ್ ಆದರೆ ಮಾಸ್ಟರ್ ಮತ್ತು ಸ್ಲೇವ್ (ಕೆಳಗೆ ಕ್ಲಚ್ಚನ್ನು ತಳ್ಳುವ) ಸಿಲಿಂಡರ್ ಸುತ್ತ ಒದ್ದೆ ಇದೆಯಾ ನೋಡಿ. ಸ್ಲೇವ್‌ನ ರಬ್ಬರ್ ಬೂಟ್ ಎತ್ತಿದಾಗ ಒಳಗೆ ತೇವ ಇದ್ದರೆ ಕಿಟ್ ಬದಲಿಸಿ. ಗಾಳಿ ತೆಗೆಯುವುದು ಸುಲಭ. ಮೇಲಿನವರು ಪೆಡಲ್ ಒತ್ತಿ ಹಿಡಿಯಲಿ. ನೀವು ಬ್ಲೀಡರ್ ತಿರುಪು ಬಿಡಿ. ಗುಳ್ಳೆ ಬಂದ ಮೇಲೆ ತಿರುಪು ಬಿಗಿ ಮಾಡಿ. ಆಮೇಲಷ್ಟೇ ಅವರು ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೇ ಮಾಡಿ, ನಡುವೆ ಡಬ್ಬಿಯ ಆಯಿಲ್ ಖಾಲಿಯಾಗಲು ಬಿಡಬೇಡಿ. ಕೈಪಿಡಿ ಹೇಳಿದ ಬ್ರೇಕ್ ಆಯಿಲ್ ಬಿಟ್ಟು ಬೇರೇನೂ ಹಾಕಬೇಡಿ. ಎಂಜಿನ್ ಆಯಿಲ್, ಡೀಸೆಲ್ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ.

ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇನ್ನೊಂದು ತೊಂದರೆ ಸಾಮಾನ್ಯ. ಮಳೆಗಾಲದ ತೇವಕ್ಕೆ ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ಕಚ್ಚಿಕೊಂಡಿರುತ್ತದೆ, ಅಥವಾ ಶಾಫ್ಟಿನ ಗೆರೆಗಳಿಗೆ ತುಕ್ಕು ಹಿಡಿದು ಪ್ಲೇಟ್ ಹಿಂದೆ ಮುಂದೆ ಸರಿಯುವುದಿಲ್ಲ. ಅಡ್ಜಸ್ಟ್ ಎಲ್ಲ ಸರಿಯಿದ್ದೂ ರಿವರ್ಸ್ ಪರೀಕ್ಷೆಯಲ್ಲಿ ಕರ್ರ್ ಅಂದರೆ ಇದನ್ನೇ ಮೊದಲು ಶಂಕಿಸಿ. ಎರಡನೆಯದು ಗೇರ್ ಬಾಕ್ಸ್ ಶಾಫ್ಟಿನ ಮುಂದಿನ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗ್. ಅದು ಜಾಮ್ ಆದರೆ ಕ್ಲಚ್ ಬಿಟ್ಟಿದ್ದರೂ ಎಂಜಿನ್ ಜೊತೆಗೇ ಶಾಫ್ಟ್ ತಿರುಗುತ್ತದೆ. ಈ ಎರಡಕ್ಕೂ ಗೇರ್ ಬಾಕ್ಸ್ ಹಿಂದಕ್ಕೆ ಎಳೆಯಬೇಕು, ಆದರೆ ತೆರೆಯಬೇಕಿಲ್ಲ.

ಐಡ್ಲಿಂಗ್ ಜಾಸ್ತಿ ಇದ್ದರೂ ನಿಂತಲ್ಲಿ ಗೇರ್ ಉಜ್ಜುತ್ತದೆ. ಹಳೇ ಡೀಸೆಲ್ ಎಂಜಿನ್ ಸಾಮಾನ್ಯವಾಗಿ 500ರಿಂದ 600 ಆರ್‌ಪಿಎಂನಲ್ಲಿ ನಿಲ್ಲುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗಲೆಂದು ಏರಿಸಿಟ್ಟ ಆಕ್ಸಿಲರೇಟರ್ ತಿರುಪನ್ನು ಮತ್ತೆ ಇಳಿಸಿ.

ಇಳಿಸಲೇಬೇಕಾದರೆ

ಇದು ಒಬ್ಬರ ಕೆಲಸವಲ್ಲ. ಪಿಟ್ ಇರುವ ಗ್ಯಾರೇಜು, ಗೇರ್ ಬಾಕ್ಸ್ ಜಾಕಿ ಅಥವಾ ಚೈನ್ ಬ್ಲಾಕ್, ಅನುಭವ ಇರುವ ಒಬ್ಬರು, ಈ ಮೂರೂ ಇಲ್ಲದೆ ಕೈ ಹಾಕಬೇಡಿ. ಇಟ್ಟಿಗೆ, ಸೈಜುಗಲ್ಲು ಜೋಡಿಸಿ ಗಾಡಿ ಎತ್ತಿ ನಿಲ್ಲಿಸುವುದನ್ನು ನಮ್ಮೂರುಗಳಲ್ಲಿ ಈಗಲೂ ಮಾಡುತ್ತಾರೆ. ದಯವಿಟ್ಟು ಬೇಡ. ಕಲ್ಲು ಸೀಳುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ, ಕೆಳಗೆ ಮನುಷ್ಯ ಇರುತ್ತಾನೆ. ಭಾರ ತಡೆಯುವ ಕಬ್ಬಿಣದ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿ ಬಳಸಿ.

ಇನ್ನೊಂದು ಎಚ್ಚರ. ಕೆಲವು ಹಳೇ ಲಾರಿಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಗೇರ್ ಬಾಕ್ಸ್‌ನ ಹಿಂದೆಯೇ. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟನ್ನು. ಶಾಫ್ಟ್ ಬಿಚ್ಚಿದ ಕ್ಷಣ ಹ್ಯಾಂಡ್ ಬ್ರೇಕ್ ಹೋಯಿತು, ಗಾಡಿ ಉರುಳುತ್ತದೆ. ಆದ್ದರಿಂದ ಬೋಲ್ಟಿಗೆ ಕೈ ಹಾಕುವ ಮೊದಲೇ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟಿರಬೇಕು. ಬ್ಯಾಟರಿ ವೈರ್ ತೆಗೆದಿಡಿ.

ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವಾಗ ಎರಡೂ ಫ್ಲ್ಯಾಂಜಿಗೆ ಬಣ್ಣದ ಗುರುತು ಹಾಕಿ, ಅದೇ ಗುರುತಿಗೆ ಮತ್ತೆ ಕೂರಿಸಿ. ಗೇರ್ ಬಾಕ್ಸ್ ಹಿಂದಕ್ಕೆ ಎಳೆಯುವಾಗ ನೇರವಾಗಿಯೇ ಎಳೆಯಬೇಕು. ಅರ್ಧದಲ್ಲಿ ಅದರ ಭಾರ ಕ್ಲಚ್ ಪ್ಲೇಟ್ ಮೇಲೆ ನೇತಾಡಿದರೆ ಪ್ಲೇಟ್ ಸೊಟ್ಟಗಾಗುತ್ತದೆ. ಸೊಟ್ಟ ಪ್ಲೇಟ್ ಮತ್ತೆ ಅದೇ ಕರ್ರ್ ತರುತ್ತದೆ. ಎರಡು ಉದ್ದ ಬೋಲ್ಟಿನ ತಲೆ ಕತ್ತರಿಸಿ, ಬೆಲ್ ಹೌಸಿಂಗ್ ತೂತಿಗೆ ಗೈಡ್ ಆಗಿ ಹಾಕಿಕೊಂಡರೆ ಪೆಟ್ಟಿಗೆ ಅದರ ಮೇಲೆ ಜಾರುತ್ತದೆ. ಏರಿಸುವಾಗಲೂ ಇದರಿಂದ ಬಹಳ ಅನುಕೂಲ.

ಕ್ಲಚ್ ಕಂಡ ಮೇಲೆ ಧೂಳು ಊದಬೇಡಿ. ಹಳೇ ಪ್ಲೇಟಿನ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಏರ್ ಹೊಡೆಯದೆ ಒದ್ದೆ ಬಟ್ಟೆಯಿಂದ ಒರೆಸಿ. ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಎರಡನ್ನೂ ಈಗಲೇ ಹೊಸದು ಹಾಕಿ. ಇವನ್ನು ಉಳಿಸಿ ಮತ್ತೊಮ್ಮೆ ಪೆಟ್ಟಿಗೆ ಇಳಿಸುವುದರಲ್ಲಿ ಅರ್ಥವಿಲ್ಲ. ಶಾಫ್ಟಿನ ಗೆರೆಗಳ ತುಕ್ಕು ತೆಗೆದು, ಬೆರಳಲ್ಲಿ ಸವರಿದಷ್ಟೇ ಗ್ರೀಸ್ ಹಚ್ಚಿ. ಜಾಸ್ತಿಯಾದರೆ ಸಿಡಿದು ಲೈನಿಂಗ್‌ಗೆ ತಾಗುತ್ತದೆ.

ಪೆಟ್ಟಿಗೆಯ ಒಳಗೆ

ಗೇರ್ ನ್ಯೂಟ್ರಲ್‌ನಲ್ಲಿಟ್ಟು ಟಾಪ್ ಕವರ್ ಎತ್ತಿ. ಕವರ್‌ನ ರಾಡುಗಳನ್ನು ಎಳೆಯುವಾಗ ಸ್ಪ್ರಿಂಗು ಮತ್ತು ಚಿಕ್ಕ ಗುಂಡು ಹಾರುತ್ತವೆ. ಮೇಲೊಂದು ಬಟ್ಟೆ ಹಾಕಿಕೊಳ್ಳಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಬಿಚ್ಚಿದ ಸಾಲಿನಲ್ಲೇ ಹಲಗೆಯ ಮೇಲೆ ಜೋಡಿಸಿ.

ಸಿಂಕ್ರೋ ರಿಂಗ್ ಇದ್ದರೆ ಅದನ್ನು ಗೇರಿನ ಕೋನ್ ಮೇಲೆ ಇಟ್ಟು, ಒತ್ತಿ ತಿರುಗಿಸಿ. ಹಿಡಿದುಕೊಳ್ಳಬೇಕು. ಜಾರಿದರೆ ರಿಂಗಿನ ಒಳಗಿನ ಸಣ್ಣ ಗೆರೆಗಳು ಸವೆದಿವೆ. ರಿಂಗ್ ಮತ್ತು ಗೇರ್ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಸುತ್ತಲೂ ಅಳೆದು, ಹೊಸ ರಿಂಗಿನ ಸಂದಿಗೆ ಹೋಲಿಸಿ. ಕಡಿಮೆಯಾಗಿದ್ದಷ್ಟೂ ಸವೆತ ಜಾಸ್ತಿ ಅಂತ ಅರ್ಥ.

ಸೇರುವ ಹಲ್ಲುಗಳ ತುದಿ ನೋಡಿ. ಚೂಪಾಗಿರಬೇಕಾದ್ದು ಮೊಂಡಾಗಿ ಹೊಳೆಯುತ್ತಿದ್ದರೆ ರಿಂಗ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ, ಗೇರೂ ಬೇಕು. ಮೊಂಡ ಹಲ್ಲಿಗೆ ವೆಲ್ಡಿಂಗ್ ತುಂಬಿ ಉಜ್ಜುವ ರಿಪೇರಿಗೆ ಒಪ್ಪಬೇಡಿ. ಗೇರಿನ ಮೇಲ್ಮೈಯನ್ನು ಶಾಖ ಕೊಟ್ಟು ಗಟ್ಟಿ ಮಾಡಿರುತ್ತಾರೆ. ವೆಲ್ಡಿಂಗ್ ಬಿಸಿಗೆ ಆ ಗಟ್ಟಿತನ ಹೋಗುತ್ತದೆ. ಸಾದಾ ಕಬ್ಬಿಣದಲ್ಲಿ ಲೇಥಿನಲ್ಲಿ ಕಡೆಸಿದ ಗೇರಿನದೂ ಇದೇ ಕತೆ.

ಫೋರ್ಕಿನ ತುದಿ ಸವೆದಿದ್ದರೆ ಗೇರ್ ಪೂರ್ತಿ ಒಳಕ್ಕೆ ಹೋಗದೆ ಅಂಚಿನಲ್ಲೇ ಕಚ್ಚುತ್ತದೆ. ಗೇರ್ ಜಂಪ್ ಆಗುವುದಕ್ಕೆ ಇದು ದೊಡ್ಡ ಕಾರಣ. ಬೇರಿಂಗ್‌ಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಕೈಯಲ್ಲಿ ತಿರುಗಿಸಿ ನೋಡಿ. ಏರ್ ಹೊಡೆದು ಗಿರ್ರನೆ ತಿರುಗಿಸಬಾರದು. ಬೇರಿಂಗಿನ ಅಂಚಿನಲ್ಲಿ ನಂಬರ್ ಕೆತ್ತಿರುತ್ತದೆ, ಅದನ್ನು ಬರೆದುಕೊಳ್ಳಿ. ಆ ನಂಬರ್ ಇದ್ದರೆ ಗಾಡಿ ಎಷ್ಟೇ ಹಳೆಯದಾದರೂ ಬೇರಿಂಗ್ ಸಿಗುವುದು ಕಷ್ಟವಲ್ಲ. ಗೇರು, ರಿಂಗಿಗೆ ಮಾತ್ರ ಓಡಾಡಬೇಕು. ದಾವಣಗೆರೆ, ಚಿತ್ರದುರ್ಗದ ಹಳೇ ಸಾಮಾನಿನ ಅಂಗಡಿ, ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ. ಫೋನಿನಲ್ಲಿ ವಿವರಿಸುವುದಕ್ಕಿಂತ ಹಳೇ ಗೇರನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಹಲ್ಲು ಎಣಿಸಿ ತರುವುದು ಮೇಲು.

ಮುಚ್ಚುವಾಗ ಪ್ಯಾಕಿಂಗ್, ಆಯಿಲ್ ಸೀಲ್ ಎಲ್ಲ ಹೊಸದು. ಏರಿಸುವ ಮೊದಲು ಪೆಟ್ಟಿಗೆಯನ್ನು ನೆಲದಲ್ಲೇ ಕೈಯಿಂದ ತಿರುಗಿಸುತ್ತಾ ಎಲ್ಲ ಗೇರ್ ಹಾಕಿ ನೋಡಿ.

ಓಡಿಸುವ ಕೈ

ಡಬಲ್ ಕ್ಲಚ್ ಹೀಗೆ. ಮೇಲಿನ ಗೇರಿಗೆ ಹೋಗುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಡಿ. ಎಂಜಿನ್ ಸದ್ದು ಇಳಿಯುವುದನ್ನು ಕೇಳಿ. ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಿ. ಕೆಳಗಿನ ಗೇರಿಗೆ ಬರುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಒಂದು ಸಲ ಆಕ್ಸಿಲರೇಟರ್ ಕೊಡಿ, ಎಂಜಿನ್ ಏರಲಿ, ಆಮೇಲೆ ಕ್ಲಚ್ ಒತ್ತಿ ಹಾಕಿ. ಓಡುತ್ತಿರುವ ಬಸ್ಸು ಹತ್ತುವವರು ಬಸ್ಸಿನ ವೇಗಕ್ಕೆ ಓಡಿಯೇ ಕಾಲಿಡುತ್ತಾರಲ್ಲ, ಹಲ್ಲಿಗೂ ಅದೇ ಬೇಕು. ಏರಿನಲ್ಲಿ ಲೋಡ್ ಇದ್ದಾಗ ಗಾಡಿಯ ವೇಗ ಬೇಗ ಬೀಳುತ್ತದೆ, ಆದ್ದರಿಂದ ಕೆಳಗಿನ ಗೇರಿಗೆ ತಡ ಮಾಡದೆ ಬನ್ನಿ. ಒತ್ತಡ ಹಾಕಿ ತುರುಕಬೇಡಿ. ಗೇರ್ ರಾಡ್ ಮೇಲೆ ಕೈ ಊರಿಕೊಂಡು ಓಡಿಸುವ ಅಭ್ಯಾಸವೂ ಬಿಡಿ, ಫೋರ್ಕ್ ಅದರಿಂದಲೇ ಸವೆಯುತ್ತದೆ.

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವವರಿದ್ದಾರೆ. ಎಂಜಿನ್ ನಿಂತರೆ ಲೇ ಶಾಫ್ಟ್ ತಿರುಗದು, ಮೇಲಿನ ಶಾಫ್ಟಿನ ಗೇರುಗಳ ಬುಷ್‌ಗೆ ಆಯಿಲ್ ಚಿಮ್ಮದು. ಬ್ರೇಕಿನ ಬಲವೂ ಹೋಗಬಹುದು. ಗಾಡಿಯನ್ನು ದೂರ ಎಳೆಸುವಾಗಲೂ ಇದೇ ಕಾರಣಕ್ಕೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ.

ರಿಪೇರಿಯ ನಂತರದ ಮೊದಲ ಓಟ ಹೆದ್ದಾರಿಯಲ್ಲಿ ಬೇಡ. ಖಾಲಿ ಗಾಡಿಯಲ್ಲಿ, ವಾಹನ ಕಡಿಮೆ ಇರುವ ಸರ್ವಿಸ್ ರಸ್ತೆಯಲ್ಲಿ ಎಲ್ಲ ಗೇರ್ ಏರಿಸಿ ಇಳಿಸಿ ನೋಡಿ. ನಿಲ್ಲಿಸಿ ಸೀಲುಗಳ ಸುತ್ತ ಕೈಯಾಡಿಸಿ, ಒದ್ದೆ ಇದೆಯಾ ನೋಡಿ. ಹೊಸ ಪ್ಲೇಟ್ ಕೂರುತ್ತಾ ಬಂದಂತೆ ಪೆಡಲಿನ ಆಟ ಕಡಿಮೆಯಾಗುತ್ತದೆ, ಮೊದಲ ಕೆಲವು ವಾರ ಆಗಾಗ ಅಳೆಯಿರಿ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಗೇರ್ ಆಯಿಲ್ ಇಳಿಸಿ ಹೊಸದು ಹಾಕಿ, ಮ್ಯಾಗ್ನೆಟ್ ಒರೆಸಿ, ಆ ದಿನದ ಮೀಟರ್ ಓದನ್ನು ಗಾಡಿಯ ಪುಸ್ತಕದಲ್ಲಿ ಬರೆದಿಡಿ.